ಮೈಯ ತೂಕ, ಮೈಯ ಕಸುವು: ಪುತ್ತೂರು, ಸುಳ್ಯ, ಕಡಬ ಪರಿಸರದ ದೇಹಕಲ್ಪನೆ ಮತ್ತು ಸೇನೆಯ ಅಳತೆಗಳು

ಮನುಷ್ಯನ ದೇಹವನ್ನು ಕುರಿತು ಯಾವುದೇ ಸಮಾಜ ಎರಡು ಬಗೆಯ ಪ್ರಶ್ನೆಗಳನ್ನು ಕೇಳುತ್ತದೆ. ಈ ಮೈ ಎಷ್ಟಿದೆ ಎಂಬುದು ಒಂದು. ಈ ಮೈ ಏನು ಮಾಡಬಲ್ಲುದು ಎಂಬುದು ಇನ್ನೊಂದು. ಮೊದಲನೆಯದಕ್ಕೆ ತಕ್ಕಡಿ, ಕೋಲು, ಅಳತೆಪಟ್ಟಿಗಳು ಉತ್ತರ ಕೊಡುತ್ತವೆ. ಎರಡನೆಯದಕ್ಕೆ ಉತ್ತರ ದೊರೆಯುವುದು ಕೆಲಸದಲ್ಲಿ, ಆಟದಲ್ಲಿ, ಕಾಳಗದಲ್ಲಿ. ಆಧುನಿಕ ಸೇನೆ ಈ ಎರಡೂ ಪ್ರಶ್ನೆಗಳನ್ನು ಒಂದೇ ದಿನ, ಒಂದೇ ಮೈದಾನದಲ್ಲಿ ಕೇಳುತ್ತದೆ. ಎರಡಕ್ಕೂ ದೊರೆಯುವ ಉತ್ತರಗಳು ಒಂದಕ್ಕೊಂದು ಹೊಂದದಿದ್ದಾಗ ಯಾವುದನ್ನು ನಂಬಬೇಕೆಂಬ ಸಮಸ್ಯೆ ಹುಟ್ಟುತ್ತದೆ. ದಕ್ಷಿಣ ಕನ್ನಡ ಜಿಲ್ಲೆಯ ಪೂರ್ವಭಾಗದ ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳ ಜನಪದ ಬದುಕಿನಲ್ಲಿ ಈ ಸಮಸ್ಯೆಯನ್ನು ಹೇಗೆ ಕಾಣಲಾಗಿದೆ, ಸೇನೆಯ ಅಳತೆಗಳಿಗೂ ಆ ಕಾಣ್ಕೆಗೂ ಇರುವ ಅಂತರವೆಷ್ಟು ಎಂಬುದು ಪ್ರಸ್ತುತ ಲೇಖನದ ವಿಷಯ.

ಈ ಮೂರು ತಾಲೂಕುಗಳು ಭೌಗೋಳಿಕವಾಗಿ ಒಂದೇ ಪರಿಸರಕ್ಕೆ ಸೇರಿದವು. ಪುತ್ತೂರು ಮತ್ತು ಸುಳ್ಯ ತಾಲೂಕುಗಳ ಗ್ರಾಮಗಳನ್ನು ಬೇರ್ಪಡಿಸಿ ಕಡಬ ತಾಲೂಕನ್ನು ಈಚೆಗೆ ರಚಿಸಲಾಯಿತು. ತುಳು, ಅರೆಭಾಷೆ, ಕನ್ನಡ, ಹವ್ಯಕ, ಮಲಯಾಳ ಮಾತುಗಳು ಇಲ್ಲಿ ಒಂದೇ ಅಂಗಳದಲ್ಲಿ ಕೇಳಿಬರುತ್ತವೆ. ಅಡಿಕೆ ತೋಟ, ಗುಡ್ಡ, ಹೊಳೆ, ಒಂದು ಕಾಲಕ್ಕೆ ವ್ಯಾಪಕವಾಗಿದ್ದ ಬೇಸಾಯದ ಗದ್ದೆ – ಇವು ಇಲ್ಲಿನ ಮೈಗಳನ್ನು ರೂಪಿಸಿದವು. ಪಕ್ಕದ ಕೊಡಗಿನ ಸೈನಿಕ ಪರಂಪರೆಯ ಪ್ರಭಾವವೂ ಈ ಪ್ರದೇಶದ ಮೇಲೆ ಇದೆ. ಅರೆಭಾಷೆ ಗೌಡ ಸಮುದಾಯದಿಂದ, ಹಾಗೆಯೇ ಇತರ ಸಮುದಾಯಗಳಿಂದಲೂ ಸೇನೆಗೆ ಸೇರಿದವರು ಇಲ್ಲಿ ಕಡಿಮೆಯಲ್ಲ.

ಮೊದಲು ಭಾಷೆಯನ್ನು ಗಮನಿಸಬಹುದು. ಕರಾವಳಿಯ ಕನ್ನಡದಲ್ಲಿಯೂ ತುಳುವಿನಲ್ಲಿಯೂ ದೇಹದ ಗಾತ್ರವನ್ನು ಹೇಳುವ ಮಾತುಗಳು 'ತೋರ' ಮತ್ತು 'ಸಪುರ'. ತೋರ ಎಂದರೆ ದಪ್ಪ, ಸಪುರ ಎಂದರೆ ತೆಳ್ಳಗೆ. ಇವು ಕಣ್ಣಿಗೆ ಕಂಡದ್ದನ್ನು ಹೇಳುವ ಮಾತುಗಳೇ ಹೊರತು ಬೆಲೆ ಕಟ್ಟುವ ಮಾತುಗಳಲ್ಲ. ಬೆಲೆ ಕಟ್ಟುವುದಕ್ಕೆ ಬೇರೆಯೇ ಒಂದು ಪದಸಮೂಹವಿದೆ: ಗಟ್ಟಿ, ಕಸುವು, ತ್ರಾಣ, ತಾಕತ್ತು. 'ಸಪುರ ಆದರೂ ಗಟ್ಟಿ' ಎಂಬ ಮಾತು ಇಲ್ಲಿ ಸಹಜ. 'ತೋರ ಇದ್ದಾನೆ, ತ್ರಾಣ ಇಲ್ಲ' ಎಂಬುದೂ ಅಷ್ಟೇ ಸಹಜ. ಗಾತ್ರ ಮತ್ತು ಬಲ ಎರಡೂ ಒಂದೇ ಎಂಬ ನಂಬಿಕೆ ಈ ಭಾಷೆಯಲ್ಲಿ ಇಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಆಧಾರ ಬೇಡ. 'ಹುರಿಗಟ್ಟಿದ ಮೈ' ಎಂಬ ಕನ್ನಡದ ನುಡಿಗಟ್ಟು ಹಗ್ಗದ ಹೋಲಿಕೆಯಿಂದ ಬಂದುದು. ಹುರಿ ಬಿಗಿಯಾದಷ್ಟೂ ಹಗ್ಗ ತೆಳ್ಳಗಾಗುತ್ತದೆ, ಗಟ್ಟಿಯೂ ಆಗುತ್ತದೆ.

ಇನ್ನೊಂದು ಪದ 'ಆಳು'. ಕನ್ನಡದಲ್ಲಿ ಇದು ಅಳತೆಯ ಮಾನವೂ ಹೌದು, ದುಡಿಮೆಯ ಮಾನವೂ ಹೌದು. ಬಾವಿಯ ಆಳವನ್ನೋ ಕಟ್ಟೆಯ ಎತ್ತರವನ್ನೋ ಹೇಳುವಾಗ 'ಎರಡಾಳು', 'ಮೂರಾಳು' ಎನ್ನುತ್ತೇವೆ. ಇಲ್ಲಿ ಆಳು ಎಂದರೆ ಒಬ್ಬ ಮನುಷ್ಯನ ಎತ್ತರ. ತೋಟದ ಕೆಲಸವನ್ನು ಲೆಕ್ಕ ಹಾಕುವಾಗ 'ಹತ್ತಾಳಿನ ಕೆಲಸ' ಎನ್ನುತ್ತೇವೆ. ಇಲ್ಲಿ ಆಳು ಎಂದರೆ ಒಬ್ಬ ಮನುಷ್ಯನು ದಿನವೊಂದರಲ್ಲಿ ಮಾಡಬಲ್ಲ ದುಡಿಮೆ. ಸೇನೆಯ ಎರಡು ಪ್ರಶ್ನೆಗಳೂ ಈ ಒಂದೇ ಪದದಲ್ಲಿ ಅಡಗಿವೆ. ಆದರೆ ಕೂಲಿಯ ಲೆಕ್ಕದಲ್ಲಿ ಯಾರೂ ಆಳಿನ ಎತ್ತರವನ್ನು ಕೇಳುವುದಿಲ್ಲ ಎಂಬುದನ್ನು ಗಮನಿಸಬೇಕು.

ಕೋಟಿ-ಚೆನ್ನಯ ಪಾಡ್ದನ ಮತ್ತು ಗರಡಿ

ಈ ಪ್ರದೇಶದ ವೀರಪರಂಪರೆಯ ಕೇಂದ್ರದಲ್ಲಿ ಇರುವುದು ಕೋಟಿ-ಚೆನ್ನಯರ ಕಥನ. ಕಾಕತಾಳೀಯವೆಂಬಂತೆ ಈ ಕಥನದ ಮೂರು ಮುಖ್ಯ ನೆಲೆಗಳು ಇಂದಿನ ಮೂರು ತಾಲೂಕುಗಳಿಗೆ ಹಂಚಿಹೋಗಿವೆ. ವೀರರು ಹುಟ್ಟಿ ಬೆಳೆದ ಪಡುಮಲೆ ಪುತ್ತೂರು ತಾಲೂಕಿನಲ್ಲಿದೆ. ಅಕ್ಕ ಕಿನ್ನಿದಾರುವಿನ ಮನೆಯಿದ್ದ, ಕೇಮರ ಬಲ್ಲಾಳನ ಪಂಜ ಸುಳ್ಯದಲ್ಲಿದೆ. ಅವರಿಗೆ ಆಶ್ರಯ ಕೊಟ್ಟ, ಅವರು ಕೊನೆಯುಸಿರೆಳೆದ ಎಣ್ಮೂರು ಈಗ ಕಡಬ ತಾಲೂಕಿಗೆ ಸೇರಿದೆ. ಎ.ಸಿ. ಬರ್ನೆಲ್ಲನ ಸಂಗ್ರಹದ ಮೂಲಕ ಈ ಪಾಡ್ದನದ ಒಂದು ಪಾಠವು 1894ರಿಂದ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಪ್ರಕಟವಾದ ತುಳು ಸಾಮಗ್ರಿಯ ಜೊತೆಯಲ್ಲಿ ಬೆಳಕಿಗೆ ಬಂತು. ಪಂಜೆ ಮಂಗೇಶರಾಯರು ಇದನ್ನು ಕನ್ನಡದ ಓದುಗರಿಗೆ ಕಥೆಯಾಗಿ ಕೊಟ್ಟರು. ಡಾ. ವಾಮನ ನಂದಾವರರ ಜಾನಪದೀಯ ಅಧ್ಯಯನ ಇದರ ಪಾಠಾಂತರಗಳನ್ನೂ ಆಚರಣೆಗಳನ್ನೂ ವಿಸ್ತಾರವಾಗಿ ಪರಿಶೀಲಿಸಿದೆ.

ಈ ಕಥನದಲ್ಲಿ ವೀರರ ಯೋಗ್ಯತೆ ನಿರ್ಣಯವಾಗುವ ಬಗೆಯನ್ನು ನೋಡಬೇಕು. ಬಲ್ಲಾಳನ ಎದುರು ಅವರು ನಿಂತಾಗ ಅವರ ಎತ್ತರವನ್ನೋ ಎದೆಯ ಸುತ್ತಳತೆಯನ್ನೋ ಯಾರೂ ಅಳೆಯುವುದಿಲ್ಲ. ಉಳುಮೆಯ ಗದ್ದೆಯಲ್ಲಿ ಬುದ್ಯಂತನೊಡನೆ ನಡೆದ ಜಗಳ, ಪಂಜದಲ್ಲಿ ಸೆರೆಯಿಂದ ಪಾರಾದ ಪ್ರಸಂಗ, ಎಣ್ಮೂರು-ಪಂಜ ಗಡಿಯ ಹಂದಿಬೇಟೆ, ಕೊನೆಯ ಕಾಳಗ – ಒಂದೊಂದು ಘಟನೆಯೂ ಒಂದೊಂದು ಪರೀಕ್ಷೆ. ಪ್ರತಿ ಪರೀಕ್ಷೆಯೂ ಮಾಡಿ ತೋರಿಸುವ ಪರೀಕ್ಷೆ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬ ಗಾದೆಯ ತಿಳಿವಳಿಕೆಯೇ ಪಾಡ್ದನದ ಒಳಗೂ ಕೆಲಸ ಮಾಡಿದೆ.

ಇವರ ಆರಾಧನಾ ಸ್ಥಳಗಳಿಗೆ 'ಗರಡಿ' ಎಂಬ ಹೆಸರಿರುವುದು ವಿಶೇಷ. ತುಳುನಾಡಿನಲ್ಲಿ ಅರುವತ್ತಾರು ಗರಡಿಗಳೆಂಬ ಸಾಂಪ್ರದಾಯಿಕ ಲೆಕ್ಕವಿದೆ. ಹಳೆಯ ಮೈಸೂರಿನ ಕಡೆ ಗರಡಿ ಎಂದರೆ ಕುಸ್ತಿಯ ಅಖಾಡ: ಕೆಮ್ಮಣ್ಣು ಹಾಸಿದ ಮಟ್ಟಿ, ಗದೆ, ಕಲ್ಲುಗುಂಡು, ಪೈಲ್ವಾನರ ಹಾಲು-ಬಾದಾಮಿ. ಅಲ್ಲಿ ಮೈ ಬೆಳೆಸುವುದೇ ಸಾಧನೆಯ ಒಂದು ಭಾಗ. ತುಳುನಾಡಿನ ಗರಡಿ ಇಂದು ದೈವಸ್ಥಾನ. ವ್ಯಾಯಾಮಶಾಲೆಯ ಅರ್ಥ ಹೆಸರಿನಲ್ಲಿ ಮಾತ್ರ ಉಳಿದಿದೆ. ಅಲ್ಲಿ ನೇಮದ ರಾತ್ರಿ ಕಾಣುವ ಸುರಿಯ, ಹೆಜ್ಜೆ, ಆವೇಶಗಳು ಯುದ್ಧದ ನೆನಪುಗಳೇ. ಆದರೆ ದರ್ಶನಪಾತ್ರಿಗೆ ಬೇಕಾದದ್ದು ಗಾತ್ರವಲ್ಲ, ವ್ರತನಿಷ್ಠೆ ಮತ್ತು ರಾತ್ರಿಯಿಡೀ ನಿಲ್ಲುವ ತ್ರಾಣ. ಒಂದೇ ಪದ ಎರಡು ಪ್ರದೇಶಗಳಲ್ಲಿ ಎರಡು ದೇಹಾದರ್ಶಗಳನ್ನು ಹೊತ್ತಿರುವುದು ಕರ್ನಾಟಕದ ಜಾನಪದದಲ್ಲಿ ಇನ್ನಷ್ಟು ಶೋಧನೆ ಬೇಡುವ ಸಂಗತಿ.

ಮುಡಿ, ತಳೆ, ಕೋಲು

ವೀರಗಾಥೆಯಿಂದ ನಿತ್ಯದ ದುಡಿಮೆಗೆ ಬಂದರೆ, ಈ ಪ್ರದೇಶದ ಹಳೆಯ ದೇಹಪರೀಕ್ಷೆ ಅಕ್ಕಿಮುಡಿ. ಬೈಹುಲ್ಲನ್ನು ಹೆಣೆದು ಅದರೊಳಗೆ ಅಕ್ಕಿ ತುಂಬಿ, ಹುಲ್ಲಿನ ಹಗ್ಗದಿಂದ ಬಿಗಿದು, ಹೊಡೆದು ಹೊಡೆದು ಉರುಟಾಗಿಸಿದ ಕಟ್ಟು ಅದು. ಮುಡಿಯೊಂದಕ್ಕೆ ಸಾಮಾನ್ಯವಾಗಿ 42 ಸೇರು ಅಕ್ಕಿ ಎಂಬುದು ರೂಢಿ. ಇಂದಿನ ಲೆಕ್ಕದಲ್ಲಿ ಸುಮಾರು 40 ಕಿಲೋ. ಇದನ್ನು ಹೊತ್ತು ಗುಡ್ಡ ಹತ್ತಿಳಿದು, ಸಂಕ ದಾಟಿ, ಒಡೆಯನ ಮನೆಗೋ ಸಂತೆಗೋ ಮುಟ್ಟಿಸಬೇಕಿತ್ತು. ಐವತ್ತು ಕಿಲೋ ತೂಗುವ ಮನುಷ್ಯನ ಪಾಲಿಗೆ ಇದು ಅವನ ತೂಕದ ಐದರಲ್ಲಿ ನಾಲ್ಕು ಪಾಲು. ದೇಹವಿಜ್ಞಾನಿಗಳು ಇಂದು ಭಾರವಾಹಕ ಸಾಮರ್ಥ್ಯ ಎಂದು ಕರೆಯುವುದನ್ನು ಅಳೆಯಲು ಇದಕ್ಕಿಂತ ನೇರವಾದ ವಿಧಾನ ಸಿಗಲಾರದು.

ಆದರೆ ಈ ಪರೀಕ್ಷೆಯನ್ನು ವೈಭವೀಕರಿಸುವುದು ತಪ್ಪಾಗುತ್ತದೆ. ಗೇಣಿಯ ಕಾಲದಲ್ಲಿ ಒಕ್ಕಲಿನ ಋಣವನ್ನು ಮುಡಿಗಳಲ್ಲಿಯೇ ಎಣಿಸಲಾಗುತ್ತಿತ್ತು. ಹೊತ್ತವನ ಹೆಗಲ ಮೇಲಿದ್ದ ಅಕ್ಕಿ ಬಹುಮಟ್ಟಿಗೆ ಅವನದಾಗಿರಲಿಲ್ಲ. 1974ರ ಭೂಸುಧಾರಣಾ ತಿದ್ದುಪಡಿಯ ಅನಂತರವೇ ಆ ಹೊರೆ ಇಳಿದದ್ದು. ಆಟಿ ತಿಂಗಳಲ್ಲಿ ಕಣಜ ಬರಿದಾಗಿ ಗೆಣಸು, ಹಲಸಿನ ಬೀಜ, ಕೆಸು, ತಜಂಕುಗಳಲ್ಲಿ ದಿನ ನೂಕುತ್ತಿದ್ದವರ ಮೈ ಸಪುರವಾದದ್ದು ಆಯ್ಕೆಯಿಂದಲ್ಲ. ಸಪುರವಾಗಿದ್ದೂ ಗಟ್ಟಿ ಎಂಬ ಹೊಗಳಿಕೆಯ ಬೆನ್ನಿಗೆ ಹಸಿವಿನ ಚರಿತ್ರೆಯಿದೆ. ಕನಿಷ್ಠ ತೂಕವನ್ನು ಕೇಳುವ ಸೇನೆಯ ನಿಯಮದಲ್ಲಿ ಈ ಅರ್ಥದಲ್ಲಿ ಒಂದು ನ್ಯಾಯವೂ ಇದೆ ಎಂಬುದನ್ನು ಒಪ್ಪಬೇಕು. ಹೊಟ್ಟೆಗೆ ಸಾಲದೆ ಬಡಕಲಾದ ಮೈಯನ್ನು ಅದು ಬಡಕಲು ಎಂದೇ ಕರೆಯುತ್ತದೆ.

ಅಡಿಕೆ ಮರ ಏರುವುದು ಇನ್ನೊಂದು ಬಗೆಯ ಪರೀಕ್ಷೆ. ಕಾಲಿಗೆ ತಳೆ ಹಾಕಿ, ನುಣುಪಾದ ಕಾಂಡವನ್ನು ಅಪ್ಪಿ, ತುದಿಗೇರಿ ಗೊನೆ ಕೊಯ್ದು, ಮರವನ್ನು ಬಾಗಿಸಿ ಪಕ್ಕದ ಮರವನ್ನು ಹಿಡಿದು ದಾಟುವ ಕೆಲಸದಲ್ಲಿ ಹೆಚ್ಚು ತೂಕ ಬರಿಯ ಅನನುಕೂಲವಲ್ಲ, ಅಪಾಯ. ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಸಿಂಪಡಿಸುವಾಗಲಂತೂ ಜಾರುವ ಮರದಲ್ಲಿ ಒಂದು ಕೈಗೆ ಪಿಚಕಾರಿ, ಇನ್ನೊಂದಕ್ಕೆ ಜೀವ. ಇಲ್ಲಿ ತನ್ನ ತೂಕವನ್ನು ತಾನೇ ಎಷ್ಟು ಬಾರಿ, ಎಷ್ಟು ಹೊತ್ತು ಎತ್ತಬಲ್ಲ ಎಂಬುದೇ ಮುಖ್ಯ. ಸೇನೆಯ ನೇಮಕಾತಿ ಮೈದಾನದಲ್ಲಿ ಅಡ್ಡ ಕಂಬ ಹಿಡಿದು ಮೈಯೆತ್ತುವ 'ಬೀಮ್' ಪರೀಕ್ಷೆ ಕೇಳುವುದೂ ಇದನ್ನೇ. ಮುಡಿ ಹೊರುವವನಿಗೆ ತುಸು ಮೈಕಟ್ಟು ಬೇಕು. ಮರ ಏರುವವನಿಗೆ ಹಗುರ ಮೈ ಬೇಕು. ಒಂದೇ ತೋಟದ ಎರಡು ಕೆಲಸಗಳಿಗೆ ಎರಡು ಬಗೆಯ ಮೈಗಳು. ಯಾರಿಗೆ ಯಾವ ಕೆಲಸ ಹೇಳಬೇಕೆಂಬುದು ತೋಟದವರಿಗೆ ತಕ್ಕಡಿಯಿಲ್ಲದೆಯೇ ಗೊತ್ತಿತ್ತು.

ಕೃಷ್ಣಾಷ್ಟಮಿಯ ಮೊಸರುಕುಡಿಕೆಯಲ್ಲಿಯೂ ಇದೇ ವಿವೇಕ ಕಾಣುತ್ತದೆ. ತೋರದವರು ಬುಡದಲ್ಲಿ, ಸಪುರದವರು ಮೇಲೆ, ಎಲ್ಲಕ್ಕಿಂತ ಹಗುರದ ಹುಡುಗ ತುದಿಯಲ್ಲಿ. ಅಲ್ಲಿ ಅನರ್ಹ ಮೈ ಎಂಬುದೊಂದು ಇಲ್ಲ, ಇರಬೇಕಾದ ಸ್ಥಾನ ಮಾತ್ರ ಇದೆ. ಊರಿನ ಕಬಡ್ಡಿ ಪಂದ್ಯಾಟಗಳಲ್ಲಿ ತೂಕದ ವಿಭಾಗಗಳು ಬಂದಿವೆ, ಹಗ್ಗಜಗ್ಗಾಟದಲ್ಲಿ ತಂಡದ ಒಟ್ಟು ತೂಕಕ್ಕೆ ಮಿತಿ ಇರುತ್ತದೆ. ಈ ಎರಡು ಕಡೆಯೂ ತಕ್ಕಡಿಯ ಉದ್ದೇಶ ಯಾರನ್ನೂ ಹೊರಹಾಕುವುದಲ್ಲ, ಸಮಬಲರನ್ನು ಎದುರುಬದುರು ನಿಲ್ಲಿಸುವುದು.

ಕಂಬಳದ ನಿದರ್ಶನ ಹೆಚ್ಚು ಸ್ಪಷ್ಟ. ಪುತ್ತೂರಿನಲ್ಲಿ ಮಹಾಲಿಂಗೇಶ್ವರ ದೇವಸ್ಥಾನದ ಎದುರಿನ ದೇವರಮಾರು ಗದ್ದೆಯಲ್ಲಿ ನಡೆಯುವ ಜೋಡುಕರೆ ಕಂಬಳಕ್ಕೆ ಕೋಟಿ-ಚೆನ್ನಯರ ಹೆಸರೇ ಇದೆ. ಕನೆಹಲಗೆ ವಿಭಾಗದಲ್ಲಿ ಹಲಗೆಯ ಮೇಲೆ ನಿಂತ ಓಟಗಾರನು ಚಿಮ್ಮಿಸಿದ ನೀರು ಆರೂವರೆ ಕೋಲು, ಏಳೂವರೆ ಕೋಲು ಎತ್ತರದ ನಿಶಾನೆಯನ್ನು ಮುಟ್ಟಿತೇ ಎಂಬುದೇ ತೀರ್ಪು. ಇಲ್ಲಿಯೂ ಒಂದು ಕೋಲು ಇದೆ. ಆದರೆ ಅದು ಮನುಷ್ಯನನ್ನು ಅಳೆಯುವ ಕೋಲಲ್ಲ, ಅವನು ಮಾಡಿದ್ದನ್ನು ಅಳೆಯುವ ಕೋಲು.

2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದಾಗ ದೇಶದ ಗಮನವೆಲ್ಲ ಅತ್ತ ಹರಿಯಿತು. ಅದನ್ನು ನೂರು ಮೀಟರಿಗೆ ಇಳಿಸಿ 9.55 ಸೆಕೆಂಡ್ ಎಂದು ಲೆಕ್ಕ ಹಾಕಿ ಉಸೇನ್ ಬೋಲ್ಟ್ 2009ರಲ್ಲಿ ಸ್ಥಾಪಿಸಿದ 9.58 ಸೆಕೆಂಡಿನ ದಾಖಲೆಯೊಂದಿಗೆ ಹೋಲಿಸಲಾಯಿತು. ಭಾರತೀಯ ಕ್ರೀಡಾ ಪ್ರಾಧಿಕಾರ ಪರೀಕ್ಷೆಗೆ ಆಹ್ವಾನಿಸಿತು, ಅವರು ಒಪ್ಪಲಿಲ್ಲ. ಕಂಬಳದಲ್ಲಿ ಹಿಮ್ಮಡಿಯ ಕೆಲಸ, ಟ್ರ್ಯಾಕಿನಲ್ಲಿ ಮುಂಗಾಲಿನ ಕೆಲಸ, ಎರಡೂ ಬೇರೆ ಎಂಬುದು ಅವರು ಕೊಟ್ಟ ಕಾರಣಗಳಲ್ಲಿ ಒಂದು. ಕೋಣಗಳ ಸೆಳೆತವೂ ಓಟದ ಭಾಗವೆಂಬುದನ್ನು ಹೋಲಿಕೆ ಮಾಡಿದವರು ಮರೆತಿದ್ದರು. ಆ ದಿನಗಳಲ್ಲಿ ಪತ್ರಿಕೆಗಳು ಬರೆದ ಬಹುತೇಕ ಮಾತುಗಳಿಗಿಂತ ಓಟಗಾರನ ಈ ಉತ್ತರ ಹೆಚ್ಚು ವೈಜ್ಞಾನಿಕವಾಗಿತ್ತು. ಒಂದು ಪರೀಕ್ಷೆಯಲ್ಲಿ ತೋರಿದ ಸಾಮರ್ಥ್ಯ ಇನ್ನೊಂದು ಪರೀಕ್ಷೆಗೆ ತಾನಾಗಿ ವರ್ಗವಾಗುವುದಿಲ್ಲ.

ಇದಕ್ಕೆ ಪ್ರತಿಯಾಗಿ ದೇಹದ ನೋಟಕ್ಕೂ ಬೆಲೆ ಕೊಡುವ ಒಂದು ಕ್ಷೇತ್ರ ಈ ಪರಿಸರದಲ್ಲಿಯೇ ಇದೆ, ಅದು ಯಕ್ಷಗಾನ. ಕಲಾವಿದನನ್ನು ಕುರಿತು ಮಾತಾಡುವಾಗ ಬಳಸುವ 'ಆಳಂಗ' ಎಂಬ ಪಾರಿಭಾಷಿಕ ಪದ ಅವನ ನಿಲುವು, ಮೈಕಟ್ಟುಗಳನ್ನು ಸೂಚಿಸುತ್ತದೆ. ಆಳಂಗ, ಸ್ವರ, ಹೆಜ್ಜೆ, ಮಾತು – ಇವು ಬೇರೆ ಬೇರೆ ಗುಣಗಳೆಂದೂ ಒಂದು ಇದ್ದ ಮಾತ್ರಕ್ಕೆ ಇನ್ನೊಂದು ಇರಬೇಕಿಲ್ಲವೆಂದೂ ಪ್ರೇಕ್ಷಕರಿಗೆ ತಿಳಿದಿದೆ. ತೆಂಕುತಿಟ್ಟಿನ ಬಣ್ಣದ ವೇಷಕ್ಕೆ ಗಾತ್ರ ಬೇಕೆಂದರೆ ವೇಷಭೂಷಣವೇ ಗಾತ್ರ ಕೊಡುತ್ತದೆ. ಪುಂಡುವೇಷದ ಧೀಂಗಿಣಕ್ಕೆ ಬೇಕಾದ ಹಗುರವನ್ನು ಯಾವ ಚೌಕಿಯೂ ಕೊಡಲಾರದು. 'ಸಿಡಿಲಮರಿ' ಎಂದು ಹೆಸರಾಗಿದ್ದ, 2021ರಲ್ಲಿ ನಿಧನರಾದ ಪುತ್ತೂರು ಶ್ರೀಧರ ಭಂಡಾರಿಯವರು ಇಳಿವಯಸ್ಸಿನಲ್ಲಿಯೂ ಧೀಂಗಿಣ ಹಾರುತ್ತಿದ್ದುದನ್ನು ಕಂಡವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಅಳೆಯದೆ ಹೊರಟ ದಂಡು

1834ರಲ್ಲಿ ಕೊಡಗಿನ ಅರಸೊತ್ತಿಗೆಯನ್ನು ಕೊನೆಗಾಣಿಸಿದ ಈಸ್ಟ್ ಇಂಡಿಯಾ ಕಂಪೆನಿ ಅಮರಸುಳ್ಯ, ಪುತ್ತೂರು ಸೀಮೆಗಳನ್ನು ಕೊಡಗಿನಿಂದ ಬೇರ್ಪಡಿಸಿ ಕೆನರಾ ಜಿಲ್ಲೆಗೆ ಸೇರಿಸಿತು. ಧಾನ್ಯರೂಪದ ಕಂದಾಯವನ್ನು ನಗದಿನಲ್ಲಿ ಕಟ್ಟಬೇಕಾಗಿ ಬಂದುದು ರೈತರ ಅಸಮಾಧಾನಕ್ಕೆ ಮುಖ್ಯ ಕಾರಣವಾಯಿತು. 1837ರ ಮಾರ್ಚ್ ಕೊನೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡ ಮೊದಲಾದವರ ನಾಯಕತ್ವದಲ್ಲಿ, ಕಲ್ಯಾಣಸ್ವಾಮಿಯನ್ನು ಮುಂದಿಟ್ಟುಕೊಂಡು ಹೊರಟ ರೈತರ ದಂಡು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಪುತ್ತೂರು, ಬಂಟ್ವಾಳಗಳನ್ನು ಹಾದು ಏಪ್ರಿಲ್ 5ರಂದು ಮಂಗಳೂರನ್ನು ತಲಪಿತು. ಬಾವುಟಗುಡ್ಡೆಯಲ್ಲಿ ಬಾವುಟ ಏರಿಸಿ ಹದಿಮೂರು ದಿನ ಆಳಿತು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷದ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಲಾಯಿತು. ಜನರ ಬಾಯಲ್ಲಿ 'ಕಲ್ಯಾಣಪ್ಪನ ಕಾಟಕಾಯಿ' ಎಂದು ಉಳಿದ ಈ ಬಂಡಾಯದ ರಾಜಕೀಯ ಅರ್ಥವನ್ನು ಇತಿಹಾಸಕಾರರು ಚರ್ಚಿಸಿದ್ದಾರೆ. ಪ್ರಸ್ತುತ ವಿಷಯಕ್ಕೆ ಬೇಕಾದದ್ದು ಒಂದೇ ಅಂಶ: ಸುಳ್ಯದಿಂದ ಮಂಗಳೂರಿಗೆ ಎಂಬತ್ತು ಕಿಲೋಮೀಟರಿಗೂ ಮೀರಿದ ದಾರಿ. ಅದನ್ನು ಏಪ್ರಿಲ್ ತಿಂಗಳ ಸೆಕೆಯಲ್ಲಿ, ಸಿಕ್ಕಿದ ಆಯುಧಗಳನ್ನು ಹೊತ್ತು, ಹೊಳೆ ದಾಟಿ ನಡೆದವರು ಉಳುವ ಜನ. ಅವರನ್ನು ಯಾರೂ ಆರಿಸಿರಲಿಲ್ಲ, ಅಳೆದಿರಲಿಲ್ಲ.

ಅರಸರ ಕಾಲದ ಕೊಡಗಿನಲ್ಲಿಯೂ ದಂಡಿನ ಸೇವೆ ಜಮ್ಮಾ ಭೂಮಿಯೊಂದಿಗೆ ಹೊಂದಿಕೊಂಡಿತ್ತು. ಆಗ ಕರೆ ಬರುತ್ತಿದ್ದುದು ಮನೆತನಕ್ಕೆ, ಒಬ್ಬೊಬ್ಬನ ಮೈಗಲ್ಲ. ಮೈಯನ್ನು ಬಿಡಿಯಾಗಿ ನಿಲ್ಲಿಸಿ ಸಂಖ್ಯೆಯಾಗಿಸುವ ಕ್ರಮ ಬಂದುದು ವಸಾಹತು ಆಡಳಿತದೊಂದಿಗೆ. ಅದರ ಬೇರು ಯೂರೋಪಿನಲ್ಲಿದೆ. ಬೆಲ್ಜಿಯಮ್ಮಿನ ಗಣಿತಜ್ಞ ಅಡಾಲ್ಫ್ ಕ್ವೆಟಲೆ 19ನೆಯ ಶತಮಾನದ ಮೊದಲರ್ಧದಲ್ಲಿ ಐದು ಸಾವಿರಕ್ಕೂ ಹೆಚ್ಚು ಸ್ಕಾಟ್ಲೆಂಡ್ ಸೈನಿಕರ ಎದೆಯ ಅಳತೆಗಳನ್ನು ಹಿಡಿದು 'ಸರಾಸರಿ ಮನುಷ್ಯ'ನ ಕಲ್ಪನೆಯನ್ನು ಕಟ್ಟಿದ. ತೂಕವು ಎತ್ತರದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆಂದು ತೋರಿಸಿದ. ಅದೇ ಸೂತ್ರಕ್ಕೆ 1972ರಲ್ಲಿ ಆನ್ಸೆಲ್ ಕೀಸ್ ಮತ್ತು ಸಂಗಡಿಗರು 'ಬಾಡಿ ಮಾಸ್ ಇಂಡೆಕ್ಸ್' ಎಂಬ ಹೆಸರಿಟ್ಟರು. ಇತ್ತ ಮದರಾಸಿನಲ್ಲಿ ಎಡ್ಗರ್ ಥರ್ಸ್ಟನ್ ಜಾತಿ-ಬುಡಕಟ್ಟುಗಳ ಜನರ ತಲೆ, ಮೂಗು, ಎತ್ತರಗಳನ್ನು ಅಳೆದು 1909ರಲ್ಲಿ ಏಳು ಸಂಪುಟಗಳನ್ನು ಹೊರತಂದ. ದಕ್ಷಿಣ ಕನ್ನಡದ ಸಮುದಾಯಗಳೂ ಅದರಲ್ಲಿ ಸೇರಿವೆ. ಆ ಸಂಪುಟಗಳಲ್ಲಿರುವ ಆಚರಣೆ, ಐತಿಹ್ಯಗಳ ವಿವರಗಳು ಜಾನಪದ ಅಧ್ಯಯನಕ್ಕೆ ಇಂದಿಗೂ ಉಪಯುಕ್ತ. ಮೂಗಿನ ಅಳತೆಗಳಿಂದ ಮಾತ್ರ ಯಾರಿಗೂ ಯಾವ ಪ್ರಯೋಜನವೂ ಆಗಿಲ್ಲ.

ಅಳತೆ ಒಂದು ಕಡೆ, ಪರೀಕ್ಷೆ ಇನ್ನೊಂದು ಕಡೆ

ಭಾರತೀಯ ಭೂಸೇನೆಯ ಸಾಮಾನ್ಯ ಸೈನಿಕ ಹುದ್ದೆಗೆ ದಕ್ಷಿಣ ರಾಜ್ಯಗಳ ಅಭ್ಯರ್ಥಿಗಳಿಂದ 166 ಸೆಂಟಿಮೀಟರ್ ಎತ್ತರ, 77 ಸೆಂಟಿಮೀಟರ್ ಎದೆ, ಉಸಿರು ತುಂಬಿದಾಗ ಇನ್ನೂ 5 ಸೆಂಟಿಮೀಟರ್ ಹಿಗ್ಗು ಅಪೇಕ್ಷಿತ. ತೂಕಕ್ಕೆ ಬಹುಕಾಲ 50 ಕಿಲೋ ಎಂಬ ಕನಿಷ್ಠ ಗೆರೆಯಿತ್ತು. ಈಚೆಗೆ ಎತ್ತರ ಮತ್ತು ವಯಸ್ಸಿಗೆ ತಕ್ಕ ತೂಕ ಎಂಬ ಮಾತು ಬಂದಿದೆ. 166 ಸೆಂಟಿಮೀಟರಿಗೆ 50 ಕಿಲೋ ಎಂದರೆ ದೇಹರಾಶಿ ಸೂಚ್ಯಂಕ ಸುಮಾರು 18.1, ವಿಶ್ವ ಆರೋಗ್ಯ ಸಂಸ್ಥೆ ಕಡಿಮೆ ತೂಕದ ಗೆರೆಯೆಂದು ಹೇಳುವ 18.5ಕ್ಕಿಂತಲೂ ತುಸು ಕೆಳಗೆ. ಸೈನಿಕರ, ನಿವೃತ್ತ ಸೈನಿಕರ ಮಕ್ಕಳಿಗೆ ಎತ್ತರ, ಎದೆ, ತೂಕಗಳಲ್ಲಿ ಅಲ್ಪ ರಿಯಾಯಿತಿ ಇರುವುದನ್ನು ನೋಡಿದರೆ ಈ ಗೆರೆಗಳು ಪ್ರಕೃತಿ ಎಳೆದವಲ್ಲ, ಆಡಳಿತ ಎಳೆದವು ಎಂಬುದು ತಿಳಿಯುತ್ತದೆ.

ಪರೀಕ್ಷೆಯಲ್ಲಿ ಅಂಕ ಇರುವುದು ಎರಡಕ್ಕೆ. 1.6 ಕಿಲೋಮೀಟರ್ ಓಟವನ್ನು ಐದೂವರೆ ನಿಮಿಷದೊಳಗೆ ಮುಗಿಸಿದರೆ 60 ಅಂಕ. ಹತ್ತು ಬಾರಿ ಬೀಮ್ ಎಳೆದರೆ 40 ಅಂಕ. ಒಂಬತ್ತು ಅಡಿಯ ಕಂದಕ ಹಾರುವುದು, ಅಂಕುಡೊಂಕು ದಿಮ್ಮಿಯ ಮೇಲೆ ಸಮತೋಲನದಲ್ಲಿ ನಡೆಯುವುದು – ಇವೆರಡರಲ್ಲಿ ಉತ್ತೀರ್ಣರಾದರೆ ಸಾಕು.

ಇಲ್ಲಿ ಒಂದು ವೈರುಧ್ಯವಿದೆ. ಓಟ ಮತ್ತು ಬೀಮ್ ಎರಡೂ ಹಗುರ ಮೈಗೆ ಅನುಕೂಲವಾದ ಪರೀಕ್ಷೆಗಳು. ಸ್ನಾಯುವಿನ ಬಲ ಅದರ ಅಡ್ಡಕೊಯ್ತದ ವಿಸ್ತೀರ್ಣವನ್ನು ಅವಲಂಬಿಸಿದೆ, ತೂಕ ದೇಹದ ಘನ ಅಳತೆಯನ್ನು. ಆದ್ದರಿಂದ ಮೈ ಬೆಳೆದಂತೆ ತೂಕ ಬೆಳೆಯುವಷ್ಟು ವೇಗವಾಗಿ ಬಲ ಬೆಳೆಯುವುದಿಲ್ಲ. ಇರುವೆ ತನ್ನ ತೂಕದ ಹಲವು ಪಟ್ಟು ಹೊರುತ್ತದೆ, ಆನೆ ಹೊರಲಾರದು. ಹೀಗಾಗಿ ಪರೀಕ್ಷೆಯು ಹಗುರನನ್ನು ಮೇಲೆತ್ತುತ್ತದೆ, ತಕ್ಕಡಿಯು ತೀರಾ ಹಗುರನನ್ನು ಹೊರಗಿಡುತ್ತದೆ. ಅಡಿಕೆ ಮರ ಏರಿ ಬೆಳೆದ ಹುಡುಗನು ಓಟದಲ್ಲಿ ಮುಂದಿದ್ದು, ಬೀಮಿನಲ್ಲಿ ಪೂರ್ಣ ಅಂಕ ಪಡೆದು, ಅನಂತರ ಒಂದು ಕಿಲೋ ತೂಕಕ್ಕೋ ಒಂದು ಸೆಂಟಿಮೀಟರ್ ಎದೆಗೋ ಹಿಂತಿರುಗಬೇಕಾಗಿ ಬರುವುದು ಈ ವೈರುಧ್ಯದಿಂದ. ಇನ್ನೊಂದು ತುದಿಯಲ್ಲಿ, ಮುಡಿ ಹೊರಬಲ್ಲ ಮೈಕಟ್ಟಿನವನು ಬೀಮಿನಲ್ಲಿ ಆರೇಳಕ್ಕೆ ನಿಲ್ಲುತ್ತಾನೆ. ಯುದ್ಧಭೂಮಿಯಲ್ಲಿ ಸೈನಿಕನು ಬರಿಮೈಯಲ್ಲಿ ಓಡುವುದಿಲ್ಲ. ಬಂದೂಕು, ಗುಂಡು, ನೀರು, ಸಾಮಾನು ಹೊತ್ತು ನಡೆಯುತ್ತಾನೆ. ಹೊರೆ ಹೊತ್ತಾಗ ಮೈಕಟ್ಟಿನವನಿಗೇ ಅನುಕೂಲ. ಅಮೆರಿಕದ ಪಾಲ್ ವಾಂಡರ್‌ಬರ್ಗ್ ಮತ್ತಿತರ ಸಂಶೋಧಕರು 2000ದ ದಶಕದಲ್ಲಿ ಆ ದೇಶದ ಸೇನಾಪರೀಕ್ಷೆಗಳು ದೊಡ್ಡ ಮೈಯವರಿಗೆ ಹೀಗೆ ಅರಿಯದೆ ದಂಡ ವಿಧಿಸುತ್ತಿವೆ ಎಂದು ತೋರಿಸಿದರು. ನಮ್ಮ ಸೇನೆಯೂ ಸೇವೆಗೆ ಸೇರಿದವರಿಗೆ ಯುದ್ಧಸಜ್ಜಿನಲ್ಲಿ 5 ಕಿಲೋಮೀಟರ್ ಓಟ, ಹಗ್ಗ ಏರುವಿಕೆಗಳನ್ನು ಒಳಗೊಂಡ ಬೇರೊಂದು ಪರೀಕ್ಷೆಯನ್ನು ಇಟ್ಟಿದೆ. ಕರ್ನಾಟಕ ಪೊಲೀಸ್ ನೇಮಕಾತಿಯಲ್ಲಿ 1600 ಮೀಟರ್ ಓಟದ ಜೊತೆಗೆ ಗುಂಡೆಸೆತವೂ ಇರುವುದರಿಂದ ಅಲ್ಲಿ ಎರಡು ಬಗೆಯ ಮೈಗಳಿಗೂ ತುಸು ಎಡೆಯಿದೆ.

ತೂಕದ ಗರಿಷ್ಠ ಗೆರೆಯ ಕಥೆ ಇನ್ನೂ ಹಳೆಯದು. 1942ರಲ್ಲಿ ಅಮೆರಿಕದ ನೌಕಾಪಡೆಯ ವೈದ್ಯ ಆಲ್ಬರ್ಟ್ ಬೆಂಕಿ ಮತ್ತು ಸಂಗಡಿಗರು 25 ಮಂದಿ ವೃತ್ತಿಪರ ಫುಟ್‌ಬಾಲ್ ಆಟಗಾರರನ್ನು ಪರೀಕ್ಷಿಸಿದರು. ಆಗಿನ ಕೋಷ್ಟಕದ ಪ್ರಕಾರ ಅವರಲ್ಲಿ 17 ಮಂದಿ ಅಧಿಕ ತೂಕದಿಂದಾಗಿ ಸೇನೆಗೆ ಅನರ್ಹರು. ನೀರಿನೊಳಗೆ ತೂಗಿ ಮೈಯ ಸಾಂದ್ರತೆಯನ್ನು ಕಂಡುಹಿಡಿದಾಗ ಆ ತೂಕ ಬೊಜ್ಜಿನದಲ್ಲ, ಸ್ನಾಯುವಿನದು ಎಂದು ತಿಳಿಯಿತು. ಆದರೂ ಎತ್ತರ-ತೂಕದ ಕೋಷ್ಟಕ ಬಹುತೇಕ ಸೇನೆಗಳಲ್ಲಿ ಉಳಿಯಿತು. ತಕ್ಕಡಿ ಅಗ್ಗ, ನೀರಿನ ತೊಟ್ಟಿ ದುಬಾರಿ. ಎಂಬತ್ತು ವರ್ಷಗಳ ಅನಂತರ, 2023ರಲ್ಲಿ, ಅಮೆರಿಕದ ಭೂಸೇನೆ ಒಂದು ನಿಯಮ ತಂದಿತು: ಆರು ವಿಭಾಗಗಳ ದೈಹಿಕ ಪರೀಕ್ಷೆಯಲ್ಲಿ 600ಕ್ಕೆ 540 ಅಂಕವನ್ನು, ಪ್ರತಿ ವಿಭಾಗದಲ್ಲಿ ಕನಿಷ್ಠ 80ನ್ನು ಪಡೆದವರಿಗೆ ಬೊಜ್ಜಿನ ಅಳತೆಯಿಂದ ವಿನಾಯಿತಿ. ಮಾಡಿ ತೋರಿಸಿದವನನ್ನು ಅಳೆಯಬೇಕಾಗಿಲ್ಲ ಎಂಬ ಮಾತು ಅಧಿಕೃತ ಆದೇಶದಲ್ಲಿ ಹೀಗೆ ಕಾಣಿಸಿಕೊಂಡಿತು. 2025ರಲ್ಲಿ ಆ ಪರೀಕ್ಷೆಯನ್ನೇ ಬದಲಿಸಿ ಐದು ವಿಭಾಗಗಳಿಗೆ ಇಳಿಸಲಾಯಿತು. ಚರ್ಚೆ ಅಲ್ಲಿಯೂ ಮುಗಿದಿಲ್ಲ.

ಇಷ್ಟಾದರೂ ತಕ್ಕಡಿಯನ್ನು ಪೂರ್ತಿ ತಳ್ಳಿಹಾಕುವುದು ವಿವೇಕವಲ್ಲ. ಪರೀಕ್ಷೆ ಇಂದಿನ ಸಾಮರ್ಥ್ಯವನ್ನು ಹೇಳುತ್ತದೆ. ಹತ್ತು ವರ್ಷದ ಅನಂತರದ ಮಧುಮೇಹ, ಹೃದ್ರೋಗಗಳನ್ನು ಹೇಳುವುದಿಲ್ಲ. ಭಾರತೀಯರ ವಿಷಯದಲ್ಲಿ ಇದು ಇನ್ನಷ್ಟು ನಿಜ. 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಬ್ರಿಟನ್ನಿನ ಯಡ್ಕಿನ್ ತಮ್ಮಿಬ್ಬರದೇ ಭಾವಚಿತ್ರವನ್ನು ಪ್ರಕಟಿಸಿದರು. ಇಬ್ಬರ ಸೂಚ್ಯಂಕವೂ 22.3. ಒಬ್ಬರ ಮೈಯಲ್ಲಿ ಕೊಬ್ಬು ಶೇಕಡಾ 9.1, ಇನ್ನೊಬ್ಬರ ಮೈಯಲ್ಲಿ ಶೇಕಡಾ 21.2; ಹೆಚ್ಚು ಕೊಬ್ಬು ಇದ್ದದ್ದು ಪುಣೆಯವರಲ್ಲಿ. ಸಪುರವಾಗಿ ಕಂಡ ಮಾತ್ರಕ್ಕೆ ಗಟ್ಟಿ ಎನ್ನುವಂತಿಲ್ಲ ಎಂಬ ಎಚ್ಚರಿಕೆ ಇದರಲ್ಲಿದೆ. ಮುಡಿ ಹೊರುತ್ತಿದ್ದ ಸಪುರ ಮೈಗೂ ಮೇಜಿನ ಮುಂದೆ ಕುಳಿತ ಸಪುರ ಮೈಗೂ ತಕ್ಕಡಿ ಒಂದೇ ಅಂಕಿ ತೋರಿಸಬಹುದು.

ಎದೆಯ ಹಿಗ್ಗಿನ ಬಗ್ಗೆ ಒಂದು ಮಾತು. ಕನ್ನಡದಲ್ಲಿ 'ಎದೆಗಾರಿಕೆ' ಎಂದರೆ ಧೈರ್ಯ. ಎದೆಯ ಸುತ್ತಳತೆಯಿಂದ ಶ್ವಾಸಬಲವನ್ನು ಊಹಿಸಬಹುದೆಂಬ 19ನೆಯ ಶತಮಾನದ ನಂಬಿಕೆ ನೇಮಕಾತಿಯ ಪಟ್ಟಿಯಲ್ಲಿ ಇಂದಿಗೂ ಉಳಿದಿದೆ. ಆದರೆ ಐದೂವರೆ ನಿಮಿಷದಲ್ಲಿ 1.6 ಕಿಲೋಮೀಟರ್ ಓಡಿದವನ ಶ್ವಾಸಕೋಶದ ಬಗ್ಗೆ ಟೇಪು ಹೊಸದಾಗಿ ಹೇಳುವುದು ಏನೂ ಇಲ್ಲ. ಎದೆ ಹಿಗ್ಗಿಸುವುದನ್ನು ತಂತ್ರವಾಗಿ ಅಭ್ಯಾಸ ಮಾಡಿಸಲು ಸಾಧ್ಯವಿರುವುದೇ ಆ ಅಳತೆಯ ಮಿತಿಯನ್ನು ತೋರಿಸುತ್ತದೆ.

2022ರಲ್ಲಿ ಅಗ್ನಿಪಥ ಯೋಜನೆ ಬಂದ ಮೇಲೆ ಪುತ್ತೂರು, ಸುಳ್ಯದಂಥ ಪೇಟೆಗಳಲ್ಲಿ ಸೇನೆ-ಪೊಲೀಸ್ ನೇಮಕಾತಿಯ ತರಬೇತಿ ಒಂದು ಪ್ರತ್ಯೇಕ ಉದ್ಯೋಗವಾಗಿಯೇ ಬೆಳೆದಿದೆ. ನಾಲ್ಕು ವರ್ಷದ ಅವಧಿಗೆ ನೇಮಕಗೊಂಡವರಲ್ಲಿ ಕಾಲು ಭಾಗದವರನ್ನಷ್ಟೇ ಮುಂದುವರಿಸುವ ಈ ವ್ಯವಸ್ಥೆಯಲ್ಲಿ ಒಂದು ಕಿಲೋ, ಒಂದು ಸೆಂಟಿಮೀಟರುಗಳ ಬೆಲೆ ಇನ್ನೂ ಏರಿದೆ. ಇದೇ ಹೊತ್ತಿಗೆ ಮೈಯನ್ನು ರೂಪಿಸುತ್ತಿದ್ದ ಕೆಲಸಗಳು ತೋಟದಿಂದ ಮರೆಯಾಗುತ್ತಿವೆ. ಮುಡಿ ಈಗ ತೆನೆಹಬ್ಬಕ್ಕೋ ವಸ್ತುಪ್ರದರ್ಶನಕ್ಕೋ ಕಟ್ಟುವ ಅಲಂಕಾರ. ಮರ ಏರುವವರು ಸಿಗದೆ ಕಾರ್ಬನ್ ಫೈಬರಿನ ದೋಟಿಗಳು ಬಂದಿವೆ. ನೆಲದಲ್ಲಿ ನಿಂತೇ ಗೊನೆ ಇಳಿಸಬಹುದು, ಔಷಧಿ ಬಿಡಬಹುದು. ಮರದಿಂದ ಬಿದ್ದು ಸೊಂಟ ಮುರಿದುಕೊಂಡವರ ಮನೆಗಳನ್ನು ಬಲ್ಲ ಯಾರೂ ಇದನ್ನು ಅವನತಿ ಎನ್ನಲಾರರು. ವಿಟ್ಲದಲ್ಲಿ ಯುವಕರಿಗೆ ಮರ ಏರುವ ಕೌಶಲವನ್ನು ಶಿಬಿರ ನಡೆಸಿ ಕಲಿಸಬೇಕಾಗಿ ಬಂದಿದೆ. ತಂದೆ ತಳೆ ಹಾಕಿ ದಿನಕ್ಕೆ ನೂರಾರು ಮರ ಏರಿ ಗಳಿಸಿದ್ದ ತೋಳಿನ ಬಲವನ್ನು ಮಗ ಮುಂಜಾನೆ ಮೈದಾನದ ಕಬ್ಬಿಣದ ಬೀಮಿಗೆ ಜೋತುಬಿದ್ದು, ಶುಲ್ಕ ಕೊಟ್ಟು, ಎಣಿಸಿ ಎಣಿಸಿ ಗಳಿಸುತ್ತಿದ್ದಾನೆ. ತೂಕ ಸಾಲದವನು ಬಾಳೆಹಣ್ಣು, ಮೊಟ್ಟೆ ತಿನ್ನುತ್ತಾನೆ. ಹೆಚ್ಚಾದವನು ಅನ್ನ ಬಿಡುತ್ತಾನೆ. ಮುಡಿ ಹೊತ್ತವರು, ತಳೆ ಹಾಕಿದವರು ಈಗ ಎಪ್ಪತ್ತು ದಾಟಿದ ವಯಸ್ಸಿನವರು. ಎಷ್ಟು ದೂರಕ್ಕೆ ಎಷ್ಟು ಹೊರೆ, ದಿನಕ್ಕೆ ಎಷ್ಟು ಮರ, ಯಾವ ಊಟದ ಮೇಲೆ ಎಂಬ ವಿವರಗಳನ್ನು ಅವರಿಂದ ಕೇಳಿ ಬರೆದಿಟ್ಟುಕೊಳ್ಳುವುದಕ್ಕೆ ಇನ್ನು ಹೆಚ್ಚು ವರ್ಷಗಳು ಉಳಿದಿಲ್ಲ.